ಯಾವುದರ ಅಪೇಕ್ಷೆಯಿಂದ 3 ಬಾರ್?



ಈ ಸಲದ ಲೇಖನದ ವಿಷಯ ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಊರ ಜಾತ್ರೆ, ತಂಬಾಕಿನ ಹೊಲ, ಶಾಲೆಯ ಗಂಟೆ ಇವುಗಳ ಕುರಿತು ಬರೆಯುತ್ತಿದ್ದ ಮಾಸ್ತರರು ಈಗ ಟರ್ಬೊ ಕಾರಿನ ಎಂಜಿನ್ನಿಗೆ ಕೈ ಹಾಕಿದರೇ ಎಂದು ಕೇಳಲೂಬಹುದು. ಕಾರು ನಡೆಸಲು ನನಗೆ ಇಂದಿಗೂ ಬಾರದು. ಆದರೆ ‘ಒತ್ತಡ’ ಎಂಬ ಪಾಠವನ್ನು ಎಂಟನೆಯ, ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದವನು ನಾನು. ಆ ಪಾಠದಲ್ಲಿ ನಾನು ಒತ್ತಿ ಹೇಳದೇ ಬಿಟ್ಟ ಒಂದು ಮಾತಿನ ಬೆಲೆ ಎಷ್ಟೆಂಬುದು ನಮ್ಮದೇ ಮನೆತನದ ಒಂದು ಕಾರಿನಿಂದ ನನಗೆ ತಿಳಿಯಿತು. ತಡವಾದರೂ ಆ ಮಾತನ್ನು ಹೇಳಿ ಮುಗಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಟರ್ಬೊ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಒತ್ತಡವನ್ನು ಗೇಜಿಲ್ಲದೆ ಯಾರೂ ಮುಟ್ಟಬಾರದು. ಗೇಜು ಇದ್ದರೂ, ಅದು ತೋರಿಸುವ ಅಂಕೆ ಯಾವುದರ ಅಪೇಕ್ಷೆಯಿಂದ ಎಂಬುದನ್ನು ಅರಿಯದೆ ಮುಟ್ಟಬಾರದು. ‘ಸ್ವಲ್ಪ ಏರಿಸಿ ಕೊಡು’ ಎಂದು ಕೇಳುವುದನ್ನು ಗಿರಾಕಿಗಳಾದ ನಾವೂ ಬಿಡಬೇಕು. ಇಷ್ಟೇ. ಇದಕ್ಕೆ ಕಾರಣಗಳನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

ನಡೆದದ್ದು ಹೀಗೆ. ನನ್ನ ಅಕ್ಕನ ಮೊಮ್ಮಗ ಒಂದು ಹಳೆಯ ಟರ್ಬೊ ಪೆಟ್ರೋಲ್ ಕಾರನ್ನು ಎರಡನೆಯ ಕೈಯಿಂದ ಕೊಂಡಿದ್ದನು. ದೂರದ ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ಅದರ ಇಂಧನದ ರೆಗ್ಯುಲೇಟರನ್ನು ತೆಗೆಸಿ, ಸ್ಕ್ರೂ ತಿರುವಿ ಒತ್ತಡ ಹೊಂದಿಸಬಹುದಾದ ಬೇರೊಂದನ್ನು ಹಾಕಿಸಿದನು. 2024ರ ದೀಪಾವಳಿಗೆ ಭೋಜಿಗೆ ಬಂದಾಗ, “ಅಜ್ಜಾ, ಗಾಡಿ ಮೊದಲಿಗಿಂತ ಭಾಳ ಚಲೋ ಎಳೀತೈತಿ” ಎಂದು ನನ್ನನ್ನೂ ಕೂರಿಸಿಕೊಂಡು ಊರ ಸುತ್ತ ಒಂದು ಸುತ್ತು ಹಾಕಿಸಿದನು. ನನಗೂ ಸಂತೋಷವಾಯಿತು. ಹಬ್ಬ ಮುಗಿಸಿ ಹೆಂಡತಿ ಹಾಗೂ ಹಸುಗೂಸಿನೊಂದಿಗೆ ಸಂಜೆ ಬೆಳಗಾವಿಯ ಕಡೆಗೆ ಹೊರಟವನ ಕಾರು ನಿಪ್ಪಾಣಿ ದಾಟಿ, ತವಂದಿ ಘಾಟಿನ ಏರಿನಲ್ಲಿ, ಲಾರಿಗಳ ಸಾಲಿನ ನಡುವೆ, ಬಿಳಿ ಹೊಗೆ ಉಗುಳುತ್ತಾ ಬಲ ಕಳೆದುಕೊಂಡಿತು. ಹಿಂದೆ ಬರುತ್ತಿದ್ದ ಲಾರಿಯ ಚಾಲಕನು ಸಕಾಲದಲ್ಲಿ ಬ್ರೇಕು ಹಾಕಿದ್ದರಿಂದ ಮೂವರೂ ಉಳಿದರು. ಅಂದಿನ ರಾತ್ರಿ ಅಕ್ಕನ ಮನೆಯಲ್ಲಿ ಯಾರೂ ಮಲಗಲಿಲ್ಲ.

ಕಾರನ್ನು ಎಳೆಸಿಕೊಂಡು ಹೋದದ್ದು ನಿಪ್ಪಾಣಿಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ. ಆತನು ಎಂಜಿನ್ ಬಿಚ್ಚಿ, ಒಂದು ಪಿಸ್ಟನ್ನಿನ ತಲೆಯ ಅಂಚು ಕರಗಿ ತೂತು ಬಿದ್ದಿರುವುದನ್ನು ತೋರಿಸಿದನು. ಎರಡು ದಿನ ಬಿಟ್ಟು ನನ್ನನ್ನು ಕರೆಸಿ ಹೇಳಿದ ಮಾತು ಇದು: “ಸರ್, ಒಂದು ಮಾತು ಕೇಳ್ರಿ. ಒತ್ತಡ ಏರಿಸಿದ್ದಕ್ಕ ಪೆಟ್ರೋಲ್ ಕಡಿಮಿ ಆತು ಅಂದ್ರ ಯಾರರ ನಂಬ್ತಾರೇನ್ರಿ?”

ನಾನೂ ನಂಬಲಿಲ್ಲ. “ಹೆಂಗೋ ತಮ್ಮಾ? ತಿಳಿಸಿ ಹೇಳು” ಎಂದೆನು. ಅಂದು ಆತನು ಗುರು, ನಾನು ಶಿಷ್ಯ.

ಆ ವಿವರಣೆಯನ್ನು ನಮ್ಮ ಊರಿನ ದೃಷ್ಟಾಂತದಿಂದಲೇ ಆರಂಭಿಸುವುದು ಸುಲಭ. ಭೋಜಿನ ಬಳಿ ವೇದಗಂಗೆಯು ದೂಧಗಂಗೆಯನ್ನು ಕೂಡುತ್ತದೆ. ದೂಧಗಂಗೆಯು ಮುಂದೆ ಕೃಷ್ಣೆಯನ್ನು ಸೇರುತ್ತದೆ. 2005ರ, 2019ರ, 2021ರ ಮಹಾಪೂರಗಳನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ಕೃಷ್ಣೆ ತುಂಬಿ ನಿಂತಾಗ ದೂಧಗಂಗೆಯ ನೀರು ಮುಂದೆ ಸಾಗದು; ದೂಧಗಂಗೆ ನಿಂತಿತೆಂದರೆ ವೇದಗಂಗೆಯೂ ನಿಂತು ಹೊಲಗಳಿಗೆ ನುಗ್ಗುತ್ತದೆ. ವೇದಗಂಗೆಯಲ್ಲಿ ನೀರು ಕಡಿಮೆಯಾಗಿರುತ್ತದೆ ಎಂದಲ್ಲ. ಎದುರಿನ ಮಟ್ಟ ಏರಿರುತ್ತದೆ. ಹರಿವನ್ನು ನಿರ್ಧರಿಸುವುದು ಈ ಕಡೆಯ ಮಟ್ಟವೊಂದೇ ಅಲ್ಲ, ಎರಡೂ ಕಡೆಯ ಮಟ್ಟಗಳ ನಡುವಿನ ವ್ಯತ್ಯಾಸ.

ಎಂಜಿನ್ನಿನ ಇಂಜೆಕ್ಟರ್ ಕೂಡ ಇಂಥದೇ ಒಂದು ಸಂಗಮ. ಅದರ ಒಂದು ಬದಿಗೆ ಫ್ಯುಯೆಲ್ ರೇಲ್ ಎಂಬ ಕೊಳವೆ. ಅದರಲ್ಲಿ ಪಂಪು ತಳ್ಳಿದ ಪೆಟ್ರೋಲ್. ಇನ್ನೊಂದು ಬದಿಗೆ ಇನ್‌ಟೇಕ್ ಮ್ಯಾನಿಫೋಲ್ಡ್. ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಹಾದಿ. ಇಂಜೆಕ್ಟರಿನ ಬಾಯಿ ಕೆಲವು ಸಾವಿರಾಂಶ ಸೆಕೆಂಡು ತೆರೆದು ಮುಚ್ಚುತ್ತದೆ. ಆ ಅವಧಿಯಲ್ಲಿ ಎಷ್ಟು ಪೆಟ್ರೋಲ್ ಬೀಳುತ್ತದೆ ಎಂಬುದು ರೇಲಿನ ಒತ್ತಡಕ್ಕೂ ಮ್ಯಾನಿಫೋಲ್ಡಿನ ಒತ್ತಡಕ್ಕೂ ಇರುವ ವ್ಯತ್ಯಾಸದ ವರ್ಗಮೂಲವನ್ನು ಅವಲಂಬಿಸಿದೆ. ತೊಟ್ಟಿಯ ತಳದ ತೂತಿನಿಂದ ನೀರು ಚಿಮ್ಮುವ ವೇಗವು ನೀರಿನ ಎತ್ತರದ ವರ್ಗಮೂಲದಂತೆ ಬದಲಾಗುತ್ತದೆ ಎಂದು ನೀವು ಕಲಿತದ್ದು ನೆನಪಿರಬಹುದು. ಅದೇ ನಿಯಮ ಇಲ್ಲಿಯೂ.

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ ಒತ್ತಡವು ಹೊರಗಿನ ಹವೆಯ ಒತ್ತಡವನ್ನು ಎಂದೂ ಹೆಚ್ಚಾಗಿ ಮೀರುವುದಿಲ್ಲ. ಟರ್ಬೊದ ವಿಚಾರ ಬೇರೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಈ ಯುಕ್ತಿಯಲ್ಲಿ, ಹೊರಹೋಗುವ ಹೊಗೆಯ ರಭಸವೇ ಒಂದು ಚಕ್ರವನ್ನು ತಿರುಗಿಸಿ, ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸುಮ್ಮನೆ ನಿಂತು ಗುಣುಗುಡುವಾಗ ಮ್ಯಾನಿಫೋಲ್ಡಿನಲ್ಲಿ ಹೊರಗಿನದಕ್ಕಿಂತ ಸುಮಾರು 0.6 ಬಾರ್ ಕಡಿಮೆ. ಏರಿನಲ್ಲಿ ಪೂರ್ತಿ ಎಳೆಯುವಾಗ 1 ಬಾರ್ ಹೆಚ್ಚು. ಎದುರಿನ ನದಿ ಒಮ್ಮೆ ಬತ್ತಿರುತ್ತದೆ, ಒಮ್ಮೆ ಪೂರ ಬಂದಿರುತ್ತದೆ.

ಇದಕ್ಕಾಗಿಯೇ ಇಂಥ ಎಂಜಿನ್ನಿನ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ರಬ್ಬರ್ ನಳಿಕೆ ಬಂದಿರುತ್ತದೆ. ಒಳಗೊಂದು ಪೊರೆ, ಅದರ ಹಿಂದೆ ಒಂದು ಸ್ಪ್ರಿಂಗು. ಸ್ಪ್ರಿಂಗಿನ ಬಲವನ್ನು 3 ಬಾರಿಗೆ ಹೊಂದಿಸಿದ್ದಾರೆ ಎಂದುಕೊಳ್ಳೋಣ. ಅದೇ ಮೂಲ ಒತ್ತಡ. ನಳಿಕೆಯ ಮೂಲಕ ಬರುವ ಮ್ಯಾನಿಫೋಲ್ಡಿನ ಒತ್ತಡವು ಸ್ಪ್ರಿಂಗಿಗೆ ಕೂಡಿಕೊಳ್ಳುತ್ತದೆ ಅಥವಾ ಅದರಿಂದ ಕಳೆಯುತ್ತದೆ. ಹೀಗಾಗಿ ಗುಣುಗುಡುವಾಗ ರೇಲಿನ ಗೇಜು 2.4 ತೋರಿಸುತ್ತದೆ, 1 ಬಾರ್ ಬೂಸ್ಟ್ ಬಂದಾಗ 4 ತೋರಿಸುತ್ತದೆ. ಗೇಜಿನ ಅಂಕೆ ಬದಲಾಯಿತು. ಇಂಜೆಕ್ಟರಿನ ಎರಡು ಬದಿಗಳ ವ್ಯತ್ಯಾಸ ಮಾತ್ರ ಎರಡೂ ಸಲ 3 ಬಾರ್ ಆಗಿಯೇ ಉಳಿಯಿತು. ಇಸಿಯು ಎಂಬ ಗಣಕವು ಆ ಸ್ಥಿರತೆಯನ್ನು ನಂಬಿಯೇ ತನ್ನ ಲೆಕ್ಕವನ್ನೆಲ್ಲ ಹಾಕುತ್ತದೆ.

ನಮ್ಮೂರು ಆಚಾರ್ಯ ಶಾಂತಿಸಾಗರ ಮಹಾರಾಜರ ಊರು. ಬಸದಿಯಲ್ಲಿ ಪ್ರವಚನ ಕೇಳಿ ಬೆಳೆದವರಿಗೆ ‘ಯಾವ ಅಪೇಕ್ಷೆಯಿಂದ?’ ಎಂಬ ಪ್ರಶ್ನೆ ಹೊಸದಲ್ಲ. ಒಂದು ಮಾತು ನಿಜವೆನ್ನುವ ಮೊದಲು ಯಾವ ದೃಷ್ಟಿಯಿಂದ ನಿಜ ಎಂದು ಕೇಳಬೇಕೆಂಬುದು ಅನೇಕಾಂತದ ಪಾಠ. ‘ಒತ್ತಡ 3 ಬಾರ್’ ಎಂಬುದೂ ಅಂಥದೇ ಅರೆಮಾತು. ಹೊರಗಿನ ಹವೆಯ ಅಪೇಕ್ಷೆಯಿಂದಲೋ, ಮ್ಯಾನಿಫೋಲ್ಡಿನ ಅಪೇಕ್ಷೆಯಿಂದಲೋ? ಆ ದೊಡ್ಡ ಊರಿನ ಗ್ಯಾರೇಜಿನಲ್ಲಿ ಯಾರೂ ಇದನ್ನು ಕೇಳಿಕೊಳ್ಳಲಿಲ್ಲ.

ಅಲ್ಲಿ ಆದದ್ದೇನು? ‘ಬೂಸ್ಟ್ 1 ಬಾರ್, ಬೇಕಾದದ್ದು 3 ಬಾರ್, ಒಟ್ಟು 4. ಹಾಗಾದರೆ 4ಕ್ಕೇ ಇಟ್ಟುಬಿಡೋಣ’ ಎಂದು ಲೆಕ್ಕ ಹಾಕಿ, ರೆಗ್ಯುಲೇಟರಿನ ನಳಿಕೆಯನ್ನು ಮ್ಯಾನಿಫೋಲ್ಡಿಗೆ ಜೋಡಿಸದೆ, ಸ್ಕ್ರೂ ತಿರುವಿ ಗೇಜನ್ನು 4 ಬಾರಿಗೆ ನಿಲ್ಲಿಸಿದ್ದರು. ಮೇಲ್ನೋಟಕ್ಕೆ ಈ ಲೆಕ್ಕದಲ್ಲಿ ತಪ್ಪು ಕಾಣಿಸುವುದಿಲ್ಲ. ಪೂರ್ತಿ ಬೂಸ್ಟಿನಲ್ಲಿ 4ರಲ್ಲಿ 1 ಕಳೆದರೆ 3, ಸರಿಯಾಗಿಯೇ ಇದೆ. ಆದರೆ ಕಾರು ದಿನವೆಲ್ಲ ಪೂರ್ತಿ ಬೂಸ್ಟಿನಲ್ಲಿ ಓಡುವುದಿಲ್ಲ. ಊರೊಳಗೆ ಮೆಲ್ಲನೆ ಸಾಗುವಾಗ ಮ್ಯಾನಿಫೋಲ್ಡಿನಲ್ಲಿ 0.6 ಬಾರ್ ಕಡಿಮೆ ಇದ್ದರೆ, ವ್ಯತ್ಯಾಸವು 4.6 ಬಾರ್ ಆಗುತ್ತದೆ. 4.6ನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: 1.24. ಅಂದರೆ ಬೇಕಾದದ್ದಕ್ಕಿಂತ ಶೇ. 24ರಷ್ಟು ಹೆಚ್ಚು ಪೆಟ್ರೋಲ್.

ಹೊಗೆಯ ನಳಿಕೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಕಂಡುಹಿಡಿದು ಇಸಿಯುವಿಗೆ ತಿಳಿಸಿತು. ಇಸಿಯು ವಿಧೇಯ ವಿದ್ಯಾರ್ಥಿಯಂತೆ ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಶೇ. 19ರಷ್ಟು ಕಡಿಮೆ ಮಾಡಿತು. ಕಡಿಮೆ ಮಾಡಿದ್ದಷ್ಟೇ ಅಲ್ಲ, ಅದನ್ನು ಪಾಠವಾಗಿ ನೆನಪಿಟ್ಟುಕೊಂಡಿತು. ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವ ಮಿತಿಯನ್ನು ಆ ತಿದ್ದುಪಡಿ ಇನ್ನೂ ಮುಟ್ಟಿರಲಿಲ್ಲ. ಆದ್ದರಿಂದ ದೀಪವೂ ಹೊತ್ತಲಿಲ್ಲ. ತವಂದಿ ಘಾಟಿನ ಏರಿನಲ್ಲಿ ಪೂರ್ತಿ ಬೂಸ್ಟ್ ಬಂದಾಗ ವ್ಯತ್ಯಾಸವು ನಿಜವಾಗಿಯೂ 3 ಬಾರ್ ಆಗಿತ್ತು. ಕಡಿತದ ಅಗತ್ಯವೇ ಇರಲಿಲ್ಲ. ಆದರೆ ಇಂಥ ಬಹಳಷ್ಟು ಇಸಿಯುಗಳು ಮೆಲ್ಲನೆ ಸಾಗುವಾಗ ಕಲಿತದ್ದನ್ನು ಪೂರ್ತಿ ಎಳೆಯುವಾಗಲೂ ಅನ್ವಯಿಸುತ್ತವೆ. 12 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಬೀಳಬೇಕಾದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಬಿತ್ತು. ಟರ್ಬೊ ಎಂಜಿನ್ನು ಪೂರ್ತಿ ಎಳೆಯುವಾಗ ಹೆಚ್ಚುವರಿ ಪೆಟ್ರೋಲ್ ಉರಿಯುವುದಕ್ಕಷ್ಟೇ ಅಲ್ಲ, ಒಳಗಿನ ತಾಪವನ್ನು ತಣಿಸುವುದಕ್ಕೂ ಬೇಕು. ಅದು ಇಲ್ಲವಾದಾಗ ಮಿಶ್ರಣವು ತನ್ನ ಸರದಿಗೆ ಮೊದಲೇ ಸಿಡಿಯತೊಡಗುತ್ತದೆ. ಮೆಕ್ಯಾನಿಕರು ಇದನ್ನು ನಾಕಿಂಗ್ ಎನ್ನುತ್ತಾರೆ. ಅಲ್ಯೂಮಿನಿಯಮ್ ಪಿಸ್ಟನ್ನು ಎಷ್ಟು ಹೊತ್ತು ತಡೆದೀತು?

ಒತ್ತಡ ಏರಿಸಿದ್ದಕ್ಕೆ ಪೆಟ್ರೋಲ್ ಕಡಿಮೆಯಾದದ್ದು ಹೀಗೆ. ನನ್ನ ವಿದ್ಯಾರ್ಥಿಯು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಈ ಲೆಕ್ಕವನ್ನು ಬರೆದು ತೋರಿಸಿದಾಗ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ‘ಬಲವನ್ನು ಕ್ಷೇತ್ರದಿಂದ ಭಾಗಿಸಿದರೆ ಒತ್ತಡ’ ಎಂದು ನಾನು ನೂರು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ‘ಯಾವುದರ ಅಪೇಕ್ಷೆಯಿಂದ?’ ಎಂದು ಒಂದು ಸಲವೂ ಬರೆದ ನೆನಪಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಈ ಮಾತು ಮ್ಯಾನಿಫೋಲ್ಡಿಗೆ ಪೆಟ್ರೋಲ್ ಚಿಮ್ಮುವ, ರೇಲಿನ ಬಳಿಯೇ ರೆಗ್ಯುಲೇಟರ್ ಇರುವ ಕಾರುಗಳಿಗೆ ಸೀಮಿತ. ಮೊದಲು ರೇಲಿನಲ್ಲಿ ಉಳಿದಿರುವ ಒತ್ತಡವನ್ನು ಇಳಿಸಿ, ಎಂಜಿನ್ ತಣ್ಣಗಿರುವಾಗಲೇ ಗೇಜನ್ನು ಜೋಡಿಸಬೇಕು. ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಬೇಕು. ಬೀಡಿಯ ಊರಾದ ನಿಪ್ಪಾಣಿಯಲ್ಲಿ ಇದನ್ನೂ ಹೇಳಬೇಕು: ಬೀಡಿ ಹತ್ತಿಸಿದವರು ಹತ್ತಿರ ಬರಕೂಡದು. ನಂತರ ಎಂಜಿನ್ ಚಾಲೂ ಮಾಡಿ, ಬೆಚ್ಚಗಾದ ಮೇಲೆ, ರೆಗ್ಯುಲೇಟರಿನ ನಳಿಕೆಯನ್ನು ಕಳಚಿ ಅದರ ಬಾಯಿ ಮುಚ್ಚಬೇಕು. ಈಗ ರೆಗ್ಯುಲೇಟರಿಗೆ ಹೊರಗಿನ ಹವೆಯೇ ಆಧಾರ. ಈ ಸ್ಥಿತಿಯಲ್ಲಿ ಆ ಕಾರಿನ ಕೈಪಿಡಿ ಹೇಳುವ ಮೂಲ ಒತ್ತಡಕ್ಕೆ, ಬಹಳ ಕಾರುಗಳಲ್ಲಿ ಅದು 3 ಬಾರ್, ಸ್ಕ್ರೂ ಹೊಂದಿಸಿ ಚೆಕ್‌ನಟ್ ಬಿಗಿಯಬೇಕು. ಬಿಗಿಯುವಾಗ ಸ್ಕ್ರೂ ಕದಲುವುದುಂಟು. ಬಿಗಿದ ಮೇಲೆ ಮತ್ತೊಮ್ಮೆ ಗೇಜು ನೋಡಬೇಕು.

ಬಳಿಕ ನಳಿಕೆಯನ್ನು ಮರಳಿ ಜೋಡಿಸಿದರೆ ಒತ್ತಡ ಸುಮಾರು ಅರ್ಧ ಬಾರಿನಷ್ಟು ಇಳಿಯಬೇಕು. ಇಳಿಯದಿದ್ದರೆ ನಳಿಕೆ ಬಿರಿದಿದೆ, ಕಟ್ಟಿಕೊಂಡಿದೆ ಅಥವಾ ತಪ್ಪು ಜಾಗಕ್ಕೆ ಸೇರಿದೆ. ಮೂರನೆಯದಾಗಿ, ನಳಿಕೆಯ ಬದಲಿಗೆ ಗೇಜಿರುವ ಕೈಪಂಪಿನಿಂದ ರೆಗ್ಯುಲೇಟರಿಗೆ 1 ಬಾರ್ ಗಾಳಿ ಕೊಟ್ಟು, ರೇಲಿನ ಒತ್ತಡವೂ ಅಷ್ಟೇ ಏರುತ್ತದೆಯೇ ಎಂದು ನೋಡಬೇಕು. 3 ಇದ್ದದ್ದು 4 ಆಗಬೇಕು. ಈ ಮೂರನೆಯ ಪರೀಕ್ಷೆಯನ್ನು ಮಾಡುವವರು ಕಡಿಮೆ. ಟರ್ಬೊ ಎಂಜಿನ್ನಿಗೆ ಅತ್ಯಂತ ಅಗತ್ಯವಾದದ್ದು ಇದೇ. ನಳಿಕೆ ಕಳಚಿಹೋದ ಎಂಜಿನ್ನಿನಲ್ಲಿ ಮೂಲ ಒತ್ತಡ 3 ಬಾರ್ ಇದ್ದು, 1 ಬಾರ್ ಬೂಸ್ಟ್ ಬಂದರೆ, ವ್ಯತ್ಯಾಸವು 2ಕ್ಕೆ ಇಳಿದು ಪೆಟ್ರೋಲ್ ಶೇ. 18ರಷ್ಟು ಕಡಿಮೆಯಾಗುತ್ತದೆ. ಕೆಲವೇ ರೂಪಾಯಿಯ ಒಂದು ರಬ್ಬರ್ ತುಂಡಿನ ಮೇಲೆ ಇಡೀ ಎಂಜಿನ್ನು ನಿಂತಿದೆ.

ಪಂಪಿನ ಕಡೆಗೂ ಒಂದು ದೃಷ್ಟಿ ಇರಬೇಕು. ಹೊಳೆಯಿಂದ ಎತ್ತರದ ಹೊಲಕ್ಕೆ ನೀರು ಹಾಯಿಸುವ ರೈತರಿಗೆ ಗೊತ್ತು: ಎತ್ತರ ಹೆಚ್ಚಿದಂತೆ ಪಂಪು ಕೊಡುವ ನೀರು ಕಡಿಮೆ. ಪೆಟ್ರೋಲ್ ಪಂಪಿನ ಗುಣವೂ ಹಾಗೆಯೇ. 150 ಅಶ್ವಶಕ್ತಿಯ ಟರ್ಬೊ ಎಂಜಿನ್ನು ಪೂರ್ತಿ ಎಳೆಯುವಾಗ ಗಂಟೆಗೆ ಸುಮಾರು 55 ಲೀಟರ್ ಲೆಕ್ಕದಲ್ಲಿ ಪೆಟ್ರೋಲ್ ಬೇಡುತ್ತದೆ. ಅಷ್ಟನ್ನು ಪಂಪು 4 ಬಾರ್ ಒತ್ತಡದ ಎದುರಿಗೆ ಕೊಡಬೇಕು. ಫಿಲ್ಟರ್ ಕಟ್ಟಿಕೊಂಡಿದ್ದರೆ, ಪಂಪಿಗೆ ಹೋಗುವ ವಿದ್ಯುತ್ತಿನ ತಂತಿ ತುಕ್ಕು ಹಿಡಿದಿದ್ದರೆ, ನಿಂತಾಗ ಗೇಜು ಸರಿಯಾಗಿಯೇ ತೋರಿಸಿ ಏರಿನಲ್ಲಿ ಬಿದ್ದುಹೋಗುತ್ತದೆ. ಆಗ ಸ್ಕ್ರೂ ತಿರುವಿದರೆ ರೋಗ ಬಿಟ್ಟು ಲಕ್ಷಣಕ್ಕೆ ಔಷಧಿ ಕೊಟ್ಟಂತೆ. ಎಳೆಯುವಾಗಿನ ಒತ್ತಡವನ್ನು ನೋಡಲು ಪೆಟ್ರೋಲ್ ತುಂಬಿದ ಗೇಜಿನ ನಳಿಕೆಯನ್ನು ಕಾರಿನೊಳಗೆ ತರಬಾರದು. ರೇಲಿಗೆ ವಿದ್ಯುತ್ ಸೆನ್ಸರ್ ಜೋಡಿಸಿ ಬರೀ ತಂತಿಯನ್ನು ಒಳತರಬೇಕು. ಕೊನೆಗೆ ಇಸಿಯು ಹಿಂದೆ ಕಲಿತ ತಿದ್ದುಪಡಿಯನ್ನು ಅಳಿಸಿ, ಹೊಸದಾಗಿ ಕಲಿಯಲು ಬಿಡಬೇಕು.

ನನ್ನ ಅಭಿಪ್ರಾಯಕ್ಕೆ ವಿರೋಧವಿದೆ. ಅದನ್ನೂ ನ್ಯಾಯವಾಗಿ ಹೇಳಬೇಕು. ನಮ್ಮ ಭಾಗದ ಹಿರಿಯ ಮಿಸ್ತ್ರಿಗಳು, “ನಮ್ಮ ಕಿವಿನೇ ಗೇಜು” ಎನ್ನುತ್ತಾರೆ. ಅದು ಜಂಬದ ಮಾತಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಾರ್ಖಾನೆ ಕಟ್ಟಿದ ನಾಡು ಇದು. ಹೊಳೆಯ ದಂಡೆಯ ಎಂಜಿನ್ನುಗಳ ಸದ್ದನ್ನು ಕೇಳಿಯೇ ದೋಷ ಹೇಳಬಲ್ಲವರನ್ನು ನಾನು ಕಂಡಿದ್ದೇನೆ; ಅವರಿಗೆ ನಮಸ್ಕಾರ. ಕಾರ್ಬ್ಯುರೇಟರಿನ ಕಾಲದಲ್ಲಿ ಆ ಕಿವಿ ಸಾಕಾಗುತ್ತಿತ್ತು. ಮಿಶ್ರಣ ತೆಳುವಾದರೆ ಎಂಜಿನ್ನು ಮುಗ್ಗರಿಸಿ ತಾನೇ ದೂರು ಹೇಳುತ್ತಿತ್ತು. ಟರ್ಬೊ ಎಂಜಿನ್ನು ಹಾಗಲ್ಲ. ನಿಂತಾಗ ಅದರ ದೋಷವನ್ನು ಇಸಿಯು ಮುಚ್ಚಿಬಿಡುತ್ತದೆ. ಎಳೆಯುವಾಗ ಮಿಶ್ರಣ ಕೊಂಚ ತೆಳುವಾದರೆ ಕಾರು ಇನ್ನೂ ಚುರುಕಾದಂತೆಯೇ ಅನ್ನಿಸುತ್ತದೆ. ನಮ್ಮ ಹುಡುಗನಿಗೆ ‘ಭಾಳ ಚಲೋ ಎಳೀತೈತಿ’ ಅನ್ನಿಸಿದ್ದು ಸುಳ್ಳಾಗಿರಲಿಕ್ಕಿಲ್ಲ. ಕಿವಿಗೆ ದೂರು ಕೇಳಿಸುವ ಹೊತ್ತಿಗೆ ಪಿಸ್ಟನ್ ಕರಗತೊಡಗಿರುತ್ತದೆ.

ಅಳತೆಯ ಶಿಸ್ತು ನಮಗೆ ಪರಕೀಯವೂ ಅಲ್ಲ. 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಹೆಸರಾದ ಮೈಕೋ ಕಂಪನಿ, ಈಗಿನ ಬಾಷ್, ಡೀಸೆಲ್ ಪಂಪು ಹಾಗೂ ನಾಜಲ್‌ಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ಅದರೊಂದಿಗೆ ಒಂದು ಪದ್ಧತಿಯೂ ಬೆಳೆಯಿತು. ಲಾರಿ, ಟ್ರ್ಯಾಕ್ಟರುಗಳ ಡೀಸೆಲ್ ಪಂಪನ್ನು ರಿಪೇರಿ ಮಾಡುವವನು ಅದನ್ನು ಬಿಚ್ಚಿ ಟೆಸ್ಟ್ ಬೆಂಚಿಗೆ ಕಟ್ಟುತ್ತಾನೆ. ಪ್ರತಿಯೊಂದು ಸಾಲಿನಿಂದ ಬೀಳುವ ಡೀಸೆಲನ್ನು ಗಾಜಿನ ಅಳತೆಯ ನಳಿಕೆಯಲ್ಲಿ ಹಿಡಿದು ಹೋಲಿಸುತ್ತಾನೆ. ನಾಜಲ್ ಎಷ್ಟು ಬಾರಿಗೆ ತೆರೆಯುತ್ತದೆ ಎಂಬುದನ್ನು ಕೈಸನ್ನೆಯ ಟೆಸ್ಟರಿನಲ್ಲಿ ನೋಡುತ್ತಾನೆ. ಕೆಲಸ ಮುಗಿದ ಮೇಲೆ ಪಂಪಿಗೆ ತಂತಿ ಪೋಣಿಸಿ ಸೀಲು ಒತ್ತುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಹೆಚ್ಚು ಭಾರ ಎಳೆಯಲೆಂದು ಆ ಸೀಲನ್ನು ಒಡೆಸಿ ಡೀಸೆಲ್ ಏರಿಸಿಕೊಂಡವರೂ ನಮ್ಮಲ್ಲಿದ್ದಾರೆ. ಕರಿ ಹೊಗೆಯೇ ಅವರ ಗುರುತು. ಆದರೂ ಸೀಲು ಒಡೆಯುವುದು ತಪ್ಪೆಂಬ ಅರಿವಾದರೂ ಅಲ್ಲಿ ಉಳಿದಿದೆ. ಪೆಟ್ರೋಲ್ ಟರ್ಬೊ ಕಾರುಗಳ ಕೆಲಸಕ್ಕೆ ಆ ಅರಿವು ಇನ್ನೂ ಬರಬೇಕಾಗಿದೆ.

2014ರಲ್ಲಿ ಬಂದ ಟಾಟಾ ಜೆಸ್ಟ್, 2017ರಲ್ಲಿ ಬಂದ ನೆಕ್ಸಾನ್ ಇವುಗಳಲ್ಲಿ 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನು ಸಾಮಾನ್ಯರ ಮನೆಗೂ ಬಂದಿತು. ಈಚಿನ ಬಹಳ ಕಾರುಗಳಲ್ಲಿ ರೆಗ್ಯುಲೇಟರ್ ಪೆಟ್ರೋಲ್ ಟ್ಯಾಂಕಿನೊಳಗೇ ಇರುತ್ತದೆ. ತಿರುವುವ ಸ್ಕ್ರೂ ಇರುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡವನ್ನು ಸೆನ್ಸರಿನಿಂದ ಅರಿತು ಇಸಿಯುವೇ ಇಂಜೆಕ್ಟರಿನ ಅವಧಿಯನ್ನು ಹೊಂದಿಸುತ್ತದೆ. ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮುವ ಎಂಜಿನ್ನುಗಳಲ್ಲಿ ಒತ್ತಡ 200 ಬಾರಿಗೂ ಮೀರುತ್ತದೆ; ಕಾಮನ್ ರೇಲ್ ಡೀಸೆಲ್ಲಿನಲ್ಲಿ 1600 ಬಾರ್ ಮತ್ತು ಅದಕ್ಕೂ ಹೆಚ್ಚು. ಅಂಥ ಎಂಜಿನ್ನು ಓಡುತ್ತಿರುವಾಗ ರೇಲಿನ ಜೋಡಣೆಯನ್ನು ಸಡಿಲಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯೂ ಚರ್ಮವನ್ನು ಸೀಳಿ ಒಳಹೊಕ್ಕೀತು. ಗಾಯ ಸಣ್ಣದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೈ ಕಳೆದುಕೊಳ್ಳುವ ಭಯವಿದೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ಮಕ್ಕಳಂತಹ ವಿದ್ಯಾರ್ಥಿಗಳು ಇದನ್ನು ಮರೆಯಕೂಡದು.

ಸ್ಕ್ರೂ ಇಲ್ಲದಿದ್ದರೇನಾಯಿತು, ಆಸೆಗೆ ದಾರಿಗಳು ಹಲವು. ಡೀಸೆಲ್ ಕಾರುಗಳಿಗೆ ಜೋಡಿಸುವ ಅಗ್ಗದ ‘ಟ್ಯೂನಿಂಗ್ ಬಾಕ್ಸ್’ಗಳಲ್ಲಿ ಕೆಲವು ಮಾಡುವ ಕೆಲಸ ಇಷ್ಟೇ: ರೇಲಿನ ಸೆನ್ಸರ್ ಹೇಳುವ ಒತ್ತಡವನ್ನು ತಗ್ಗಿಸಿ ಇಸಿಯುವಿಗೆ ತಲುಪಿಸುವುದು. ಒತ್ತಡ ಕಡಿಮೆಯಿದೆಯೆಂದು ನಂಬಿದ ಇಸಿಯು ಅದನ್ನು ಏರಿಸುತ್ತದೆ, ಡೀಸೆಲ್ ಹೆಚ್ಚು ಬೀಳುತ್ತದೆ, ಕಾರು ಜಿಗಿಯುತ್ತದೆ. ಅಳತೆಯ ಉಪಕರಣಕ್ಕೆ ಸುಳ್ಳು ಹೇಳಿಸಿ ಪಡೆದ ಬಲವದು. ಅಂಕಪಟ್ಟಿ ತಿದ್ದಿದರೆ ಹುಡುಗ ಬುದ್ಧಿವಂತನಾಗುವುದಿಲ್ಲ ಎಂದು ಶಿಕ್ಷಕನಾದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಜಿನ್ನಿನ ಬಲವನ್ನು ನ್ಯಾಯವಾಗಿ ಹೆಚ್ಚಿಸುವ ವಿದ್ಯೆಯೂ ಇದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪಂಪು, ಇಂಜೆಕ್ಟರ್, ಇಸಿಯುವಿನ ಲೆಕ್ಕ ಎಲ್ಲವನ್ನೂ ಒಟ್ಟಿಗೆ ಹೊಂದಿಸಿ, ಗಾಳಿ-ಇಂಧನದ ಪ್ರಮಾಣವನ್ನು ಹೆಜ್ಜೆಹೆಜ್ಜೆಗೆ ಅಳೆದು ಮಾಡುವವರು ಇದ್ದಾರೆ. ಅದಕ್ಕೆ ವಿಮೆ, ಸಾರಿಗೆ ನಿಯಮಗಳ ಕಟ್ಟಳೆಗಳೂ ಉಂಟು. ನನ್ನ ವಿರೋಧ ಅಳತೆಯಿಲ್ಲದ ಆಸೆಗೆ.

ಈಗ ಕೆಲವರು ಎಥನಾಲ್ ಕಾರಣ ಹೇಳಿ ಒತ್ತಡ ಏರಿಸುವ ಮಾತಾಡುತ್ತಿದ್ದಾರೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲೇ ಆಯಿತು. ಕಬ್ಬು ಬೆಳೆಯುವ ನಮಗೆ ಅದರಲ್ಲಿ ಲಾಭವಿದೆ, ಅಭಿಮಾನವೂ ಇದೆ. ಆದರೆ ಶುದ್ಧ ಪೆಟ್ರೋಲಿನ 1 ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ. 9ರಷ್ಟು ಹೆಚ್ಚು ಇಂಧನ ಬೀಳಬೇಕು. ಬರೀ ಒತ್ತಡದಿಂದ ಇದನ್ನು ಸಾಧಿಸಬೇಕೆಂದರೆ 3 ಬಾರನ್ನು ಸುಮಾರು 3.6 ಬಾರಿಗೆ ಏರಿಸಬೇಕೆಂಬ ಲೆಕ್ಕ ನಿಜ. ಆದರೆ ನಳಿಕೆ, ಪಂಪು ಸರಿಯಾಗಿರುವ ಕಾರಿನಲ್ಲಿ ಈ ಶೇ. 9ನ್ನು ಇಸಿಯುವೇ ಮೆಲ್ಲನೆ ಸಾಗುವಾಗ ಕಲಿತುಕೊಳ್ಳುತ್ತದೆ. ಘಾಟಿನಲ್ಲಿ ನಮ್ಮ ಹುಡುಗನ ಎಂಜಿನ್ನನ್ನು ಕೆಡಿಸಿದ ಅದೇ ಕಲಿಕೆ ಇಲ್ಲಿ ಕಾಪಾಡುತ್ತದೆ. ಆದ್ದರಿಂದ ಸ್ಕ್ಯಾನರಿನಲ್ಲಿ ತಿದ್ದುಪಡಿಯ ಅಂಕೆ ನೋಡದೆ ಸ್ಕ್ರೂ ಮುಟ್ಟುವುದು ಬೇಡ. ಹಳೆಯ ಕಾರಿನಲ್ಲಿ ಮೊದಲು ನೋಡಬೇಕಾದದ್ದು, ಎಥನಾಲಿಗೆಂದು ತಯಾರಿಸದ ರಬ್ಬರ್ ನಳಿಕೆಗಳು ಮೆದುವಾಗಿವೆಯೇ, ಬಿರಿದಿವೆಯೇ ಎಂಬುದನ್ನು.

ಅಕ್ಕನ ಮೊಮ್ಮಗನ ಕಾರು ಎರಡು ತಿಂಗಳ ಮೇಲೆ ಮತ್ತೆ ರಸ್ತೆಗಿಳಿಯಿತು. ಪಿಸ್ಟನ್ ಹೊಸದು, ನಳಿಕೆ ಹೊಸದು, ಮೂಲ ಒತ್ತಡ 3 ಬಾರ್. ಖರ್ಚಾದ ಹಣದ ಮೊತ್ತವನ್ನು ಆತನು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಹಣ ಮರಳಿ ಗಳಿಸಬಹುದು. ಲಾರಿಯ ಮುಂದೆ ನಿಂತುಹೋದ ಕಾರಿನಲ್ಲಿದ್ದ ಆ ಕೂಸನ್ನು ನೆನೆದಾಗ ಮಾತ್ರ ಇಂದಿಗೂ ಎದೆ ಝಲ್ಲೆನ್ನುತ್ತದೆ. ರೆಗ್ಯುಲೇಟರನ್ನು ತಿರುವಿದ ಆ ಕೆಲಸಗಾರನು ಕೆಟ್ಟವನೆಂದು ನಾನು ಹೇಳಲಾರೆ. ಆತನಿಗೆ ಕೂಡುವ ಲೆಕ್ಕ ಬರುತ್ತಿತ್ತು. ಎಲ್ಲಿಂದ ಅಳೆಯಬೇಕೆಂಬುದನ್ನು ನನ್ನಂಥ ಯಾವನೋ ಮಾಸ್ತರನು ಆತನಿಗೆ ಹೇಳಿಕೊಟ್ಟಿರಲಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಹಳೆಯ ಟರ್ಬೊ ಕಾರು ಇಟ್ಟುಕೊಂಡವರು ಅದರ ಇಂಧನದ ಕೆಲಸ ಮಾಡಿಸಿದಾಗ ಮೂರು ಅಂಕೆಗಳನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿರಿ: ನಳಿಕೆ ಕಳಚಿದಾಗ ಎಷ್ಟು, ಜೋಡಿಸಿದಾಗ ಎಷ್ಟು, 1 ಬಾರ್ ಗಾಳಿ ಕೊಟ್ಟಾಗ ಎಷ್ಟು. ಕೇಳಿದರೆ ಮೆಕ್ಯಾನಿಕ್ ಸಿಟ್ಟಾದಾನು ಎಂದು ಸಂಕೋಚಪಡಬೇಡಿರಿ. ನಿಪ್ಪಾಣಿಯ ನನ್ನ ವಿದ್ಯಾರ್ಥಿ ಈಗ ಕೇಳದೆಯೇ ಬರೆದುಕೊಡುತ್ತಾನೆ. ನಿಮ್ಮಲ್ಲಿ ಶಿಕ್ಷಕರಾದವರು ಅನೇಕರಿದ್ದೀರಿ. ಒತ್ತಡದ ಪಾಠ ಮಾಡುವ ದಿನ ಹಲಗೆಯ ಮೂಲೆಯಲ್ಲಿ ‘ಯಾವುದರ ಅಪೇಕ್ಷೆಯಿಂದ?’ ಎಂದು ಬರೆದು, ಮಳೆಗಾಲವಾದರೆ ಮಕ್ಕಳನ್ನು ಹೊಳೆಯ ದಂಡೆಯವರೆಗೆ ಕರೆದೊಯ್ದು, ದೂರದಿಂದಲೇ, ನಿಂತ ನೀರನ್ನು ತೋರಿಸಿರಿ. ನಾನು ಬಿಟ್ಟುಹೋದ ಸಾಲನ್ನು ನೀವು ಪೂರ್ತಿ ಮಾಡಿದಂತಾಗುತ್ತದೆ.